ಹುತ್ತರಿಗೆ ನೆಂಟರು ಬರ್ತಾರೆ, ಅಂಜುಬುರುಕ ನಾಯಿನ ಏನ್ ಮಾಡೋದು?

ಹುತ್ತರಿ ಅಂದ್ರೆ ಗೊತ್ತಲ್ಲ, ನಮ್ಮ ಕೊಡಗಿನ ಸುಗ್ಗಿ ಹಬ್ಬ, ಬೆಂಗಳೂರು ಮೈಸೂರಿಂದ ಕಾರು ತುಂಬ ಜನ ಬಂದಿಳೀತಾರೆ, ಮಕ್ಕಳು ಡೋರ್ ತೆಗೆದ ತಕ್ಷಣ ಕಿರುಚ್ಕೊಂಡು ಕಣದ ತುಂಬ ಓಡಾಡ್ತಾರೆ, ರಾತ್ರಿ ಗದ್ದೇಲಿ ಕದಿರು, ಅಂದ್ರೆ ಹೊಸ ಭತ್ತದ ತೆನೆ, ತೆಗೆಯುವಾಗ ಕೋವಿ ಸದ್ದು, ಅದರ ಹಿಂದೆ ಪಟಾಕಿ. ರೋಡಲ್ಲಿ ಬಿದ್ದಿದ್ದನ್ನ ನೀವು ಎತ್ಕೊಂಡು ಬಂದು ಸಾಕಿರೋ ನಾಯಿಗೆ ಇದ್ಯಾವುದೂ ಹಬ್ಬ ಅಂತ ಗೊತ್ತಿಲ್ಲ. ಅದಕ್ಕೆ ಅಪರಿಚಿತ ಕಾಲು, ಅಪರಿಚಿತ ವಾಸನೆ, ಗುಂಡಿನ ಸದ್ದು, ಇಷ್ಟೇ. ತುಂಬಾ ಜನ ಇಲ್ಲೇ ಎಡವೋದು, ನೆಂಟರ ಜೊತೆ ನಾಯಿನ ಹೇಗಾದ್ರೂ ಫ್ರೆಂಡ್ ಮಾಡಿಸ್ಬೇಕು ಅಂತ ಹೊರಡ್ತಾರೆ. ಬೇಡ. ಹಬ್ಬದಲ್ಲಿ ಟ್ರೈನಿಂಗ್ ಬೇಕಿರೋದು ನಾಯಿಗಲ್ಲ, ನೆಂಟರಿಗೆ. ನಾಯಿಗೆ ಯಾರನ್ನೂ ಭೇಟಿ ಮಾಡದೆ ಹಬ್ಬ ಕಳೆಯೋ ಹಾಗೆ ವ್ಯವಸ್ಥೆ ಮಾಡಿಕೊಡಿ ಸಾಕು.

ಒಂದು ಅನುಕೂಲ ನಮಗುಂಟು. ಕಕ್ಕಬ್ಬೆ ಹತ್ರದ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಹುತ್ತರಿ ಮುಹೂರ್ತ ಮೊದಲೇ ನಿಗದಿ ಆಗತ್ತೆ, ನೆರೆ (ಪೂಜೆಯ ಎಲೆಗಳ ಕಟ್ಟು) ಕಟ್ಟೋದು ಎಷ್ಟು ಗಂಟೆಗೆ, ಕದಿರು ತೆಗೆಯೋದು ಎಷ್ಟು ಗಂಟೆಗೆ ಅಂತ ಪೇಪರ್‌ನಲ್ಲೇ ಬರತ್ತೆ. ಅಂದ್ರೆ ಕೋವಿ ಯಾವಾಗ ಹಾರತ್ತೆ ಅಂತ ಹೆಚ್ಚುಕಮ್ಮಿ ನಿಮಿಷದ ಲೆಕ್ಕದಲ್ಲಿ ಗೊತ್ತಿರತ್ತೆ, ದೀಪಾವಳಿ ಪಟಾಕಿಗೆ ಈ ಸೌಲಭ್ಯ ಇಲ್ಲ. ಆ ಟೈಮನ್ನ ಕ್ಯಾಲೆಂಡರ್‌ನಲ್ಲಿ ಬರ್ಕೊಂಡು ಅಲ್ಲಿಂದ ಹಿಂದಕ್ಕೆ ಪ್ಲಾನ್ ಮಾಡಿ.

ಮೂರು ನಾಲ್ಕು ವಾರ ಮೊದಲು ಫೋನಲ್ಲಿ ಪಟಾಕಿ ಸದ್ದು ತುಂಬಾ ಸಣ್ಣಕ್ಕೆ ಹಾಕಿ, ನಾಯಿ ಕಿವಿ ಅಲ್ಲಾಡಿಸಿ ಸುಮ್ಮನಾಗುವಷ್ಟು ಮಾತ್ರ, ಸದ್ದು ಬಂದ ತಕ್ಷಣ ಒಂದು ಚೂರು ಬೇಯಿಸಿದ ಚಿಕನ್ ಕೊಡಿ. ಮೊದಲು ಸದ್ದು, ಆಮೇಲೆ ಚಿಕನ್, ಈ ಕ್ರಮ ತಪ್ಪಬಾರದು. ದಿನ ಕಳೆದ ಹಾಗೆ ವಾಲ್ಯೂಮ್ ಸ್ವಲ್ಪ ಸ್ವಲ್ಪ ಏರಿಸಿ, ಬಾಲ ಒಳಗೆ ಹೋಯ್ತು ಅಂದ್ರೆ ಇಳಿಸಿಬಿಡಿ. ಆದ್ರೆ ಇದರ ಮೇಲೆ ಜಾಸ್ತಿ ನಂಬಿಕೆ ಇಟ್ಕೋಬೇಡಿ, ಫೋನ್ ಸ್ಪೀಕರ್‌ಗೆ ಕೋವಿಯ ಆ ಎದೆ ನಡುಗಿಸೋ ಸದ್ದು ಬರೋದೇ ಇಲ್ಲ.

ಅದಕ್ಕಿಂತ ಮುಖ್ಯ ರೂಮು. ಹಾಲ್‌ಗೂ ಅಡುಗೆಮನೆಗೂ ದೂರ ಇರೋ, ಗದ್ದೆ ಕಡೆ ಕಿಟಕಿ ಇಲ್ಲದಿರೋ ಒಂದು ಮೂಲೆ ರೂಮು ನೋಡ್ಕೊಳ್ಳಿ, ಸ್ಟೋರ್ ರೂಮಾದ್ರೂ ಪರವಾಗಿಲ್ಲ. ಹಬ್ಬಕ್ಕೆ ಒಂದು ವಾರ ಮೊದಲಿಂದ ಊಟ ಅಲ್ಲೇ ಹಾಕಿ, ಮಲಗೋ ಕಂಬಳಿನೂ ಅಲ್ಲೇ. ನೆಂಟರು ಬರ್ತಾರೆ ಅಂತ ಆ ಕಂಬಳಿ ಒಗೆದುಬಿಡ್ಬೇಡಿ, ಅದರ ವಾಸನೆನೇ ನಾಯಿಗೆ ಧೈರ್ಯ. ಮಂಚದ ಕೆಳಗೆ ನುಗ್ಗೋ ಅಭ್ಯಾಸ ಇದ್ರೆ ನುಗ್ಗಲಿ, ಎಳೀಬೇಡಿ. ಒಂದು ಫ್ಯಾನ್ ಇಲ್ಲ ರೇಡಿಯೋ ಹಾಕಿಡಿ, ಹೊರಗಿನ ಸದ್ದು ಸ್ವಲ್ಪ ಮುಚ್ಚಿಹೋಗತ್ತೆ. ಕಾರು ಗೇಟಿಗೆ ಬಂದಮೇಲೆ ನಾಯಿನ ಎಳ್ಕೊಂಡು ಹೋಗೋದಲ್ಲ, ಅದಕ್ಕೂ ಮುಂಚೆನೇ ಒಳಗಿರ್ಬೇಕು. ಬಾಗಿಲಿಗೆ ಚಿಲಕ ಮೇಲ್ಗಡೆನೇ ಹಾಕಿ, ಮಕ್ಕಳಿಗೆ ಎಟುಕಬಾರದು.

ಇನ್ನು ನೆಂಟರು. ಬರೋ ಎರಡು ದಿನ ಮೊದಲು ಫ್ಯಾಮಿಲಿ ಗ್ರೂಪಿಗೆ ಒಂದು ವಾಟ್ಸಾಪ್ ಹಾಕಿ: ನಮ್ಮ ನಾಯಿಗೆ ಹೊಸಬರ ಭಯ, ಕಂಡ್ರೂ ಕಾಣದ ಹಾಗೆ ಇರಿ, ಮುಟ್ಬೇಡಿ, ಕರೀಬೇಡಿ, ಕಣ್ಣಿಟ್ಟು ನೋಡ್ಬೇಡಿ, ಬಾಗಿ ನಿಲ್ಬೇಡಿ. ಮಕ್ಕಳು ಸಾಮಾನ್ಯವಾಗಿ ಮಾತು ಕೇಳ್ತಾರೆ, ಅವರಿಗೆ ನೀನೇ ರೂಮಿನ ವಾಚ್‌ಮ್ಯಾನ್ ಅಂತ ಹೇಳಿದ್ರೆ ಇನ್ನೊಬ್ಬರನ್ನೂ ಒಳಗೆ ಬಿಡಲ್ಲ. ತೊಂದರೆ ಇರೋದು ದೊಡ್ಡವರದ್ದೇ. ಪ್ರತಿ ಮನೇಲೂ ಒಬ್ಬರು ಅಂಕಲ್ ಇರ್ತಾರೆ, "ನಂಗೆ ಎಂಥ ನಾಯಿನೂ ಬರತ್ತೆ, ನಮ್ಮನೇಲಿ ಬೇಟೆ ನಾಯಿ ಸಾಕಿದ್ವಿ" ಅಂತ ಕೈ ಚಾಚ್ಕೊಂಡು ಹೋಗಿಬಿಡ್ತಾರೆ. ಅವರ ಹತ್ರ ವಾದ ಮಾಡಿ ಗೆಲ್ಲಕ್ಕಾಗಲ್ಲ, "ಕಚ್ಚುತ್ತೆ ಮಾವ" ಅಂತ ಒಂದು ಮಾತು ಹೇಳಿ. ಸುಳ್ಳೂ ಅಲ್ಲ, ಮೂಲೆಗೆ ಸಿಕ್ಕಿದ ಯಾವ ನಾಯಿ ಆದ್ರೂ ಕಚ್ಚಬಹುದು.

ನಾಯಿ ತಾನಾಗೇ ಹೊರಗೆ ಬರ್ತೀನಿ ಅಂದ್ರೆ ಬರಲಿ, ಆದ್ರೆ ಅದರ ಮೈ ನೋಡ್ತಾ ಇರಿ. ನಿದ್ದೆ ಇಲ್ಲದೆ ಆಕಳಿಸೋದು, ಊಟ ಇಲ್ಲದೆ ತುಟಿ ನೆಕ್ಕೋದು, ಕಣ್ಣಿನ ಬಿಳಿ ಕಾಣೋದು, ಕಿವಿ ಹಿಂದಕ್ಕೆ ಒತ್ತೋದು, ಇದೆಲ್ಲ ಸಾಕಾಯ್ತು ಅನ್ನೋ ಲಕ್ಷಣ. ಅಲ್ಲಾಡದೆ ಮರಗಟ್ಟಿ ನಿಂತ್ರೆ ಇನ್ನೂ ಹುಷಾರು, ಎಷ್ಟು ಸಾಧು ನೋಡು ಅಂತ ಜನ ಮುಟ್ಟೋದು ಆಗಲೇ. ಗುರ್ ಅಂದ್ರೆ ಬೈಬೇಡಿ, ಹೊಡೀಬೇಡಿ, ಗುರ್ ಅನ್ನೋದನ್ನ ಬಾಯಿ ಮುಚ್ಚಿಸಿದ್ರೆ ಮುಂದಿನ ಸಲ ಹೇಳದೆ ಕೇಳದೆ ಕಚ್ಚತ್ತೆ. ಯಾರಿಗಾದ್ರೂ ತಿಂಡಿ ಹಾಕೋ ಆಸೆ ಇದ್ರೆ ಕೈಯಲ್ಲಿ ಹಿಡಿದು ಕರೆಯೋದು ಬೇಡ, ನಾಯಿಯ ಹಿಂದಕ್ಕೆ ಬೀಳೋ ಹಾಗೆ ಎಸೀಲಿ. ತಿನ್ನೋಕೆ ದೂರ ಹೋಗತ್ತೆ, ಬೇಕಿದ್ರೆ ವಾಪಸ್ ಬರತ್ತೆ, ಬರದಿದ್ರೆ ಅದೇ ಉತ್ತರ.

ಕದಿರಿನ ರಾತ್ರಿ ಇನ್ನೂ ಬೆಳಕಿರುವಾಗಲೇ ವಾಕಿಂಗ್ ಮುಗಿಸಿ, ಚೆನ್ನಾಗಿ ಮೂಸಿ ಅಡ್ಡಾಡಲಿ, ಆಮೇಲೆ ಹೊಟ್ಟೆ ತುಂಬ ಊಟ. ಬೆಲ್ಟಿಗೆ ಫೋನ್ ನಂಬರ್ ಇರ್ಲೇಬೇಕು. ಅಂಗಳದಲ್ಲಿ ಚೈನಲ್ಲಿ ಕಟ್ಟಿ ಎಲ್ಲರೂ ಗದ್ದೆಗೆ ಹೋಗೋದು ಮಾತ್ರ ದಯವಿಟ್ಟು ಬೇಡ, ಸದ್ದಿಗೆ ಬೆದರಿದ ನಾಯಿ ಬೆಲ್ಟಿಂದ ಕತ್ತು ಜಾರಿಸ್ಕೊಂಡು ಓಡತ್ತೆ, ಇಲ್ಲಾ ಚೈನ್ ಸುತ್ತಿ ಉಸಿರು ಕಟ್ಟತ್ತೆ. ತೋಟಕ್ಕೆ ನುಗ್ಗಿದ್ರೆ ಆ ಕತ್ತಲಲ್ಲಿ ಹುಡುಕೋದು ಎಲ್ಲಿ, ಚಿರತೆ ಉಂಟು, ಹಂದಿಗೆ ಇಟ್ಟ ಉರುಳು ಉಂಟು. ಮನೆಯವರು ಒಬ್ಬರು ಗದ್ದೇಲಿ "ಪೊಲಿ ಪೊಲಿ ದೇವಾ" ಕೂಗೋದನ್ನ ಈ ವರ್ಷ ಬಿಟ್ಟು ನಾಯಿ ಜೊತೆ ರೂಮಲ್ಲಿ ಕೂರೋದು ಒಳ್ಳೇದು. ಹೆದರಿದಾಗ ಸವರಿದ್ರೆ ಭಯ ಜಾಸ್ತಿ ಆಗತ್ತೆ ಅನ್ನೋದು ಹಳೇ ಕಥೆ, ಹತ್ರ ಬಂದ್ರೆ ಧಾರಾಳವಾಗಿ ಸವರಿ. ಕೋವಿ ಪೂಜೆಯ ಕೈಲ್ ಪೊಳ್ದ್ ದಿನಕ್ಕೂ ಇದೇ ವ್ಯವಸ್ಥೆ ಮಾಡ್ಕೊಳ್ಳಿ.

ಊಟದ ವಿಷಯ: ಪಂದಿ ಕರಿ (ಹಂದಿ ಮಾಂಸದ ಸಾರು) ಮೂಳೆ ಕೊಡ್ಬೇಡಿ, ಬೆಂದ ಮೂಳೆ ಚೂರಾಗಿ ಕರುಳಿಗೆ ಚುಚ್ಚತ್ತೆ, ಮಸಾಲೆಯ ಈರುಳ್ಳಿ ಬೆಳ್ಳುಳ್ಳಿನೂ ಆಗಲ್ಲ. ಹೋಮ್‌ಮೇಡ್ ಚಾಕಲೇಟ್, ದ್ರಾಕ್ಷಿ, ಕಾಫಿಪುಡಿ, ವೈನ್ ಎಲ್ಲಾ ನಾಯಿಗೆ ವಿಷ. ನೆಂಟರ ಬ್ಯಾಗು ನೆಲದ ಮೇಲೆ ಇರದ ಹಾಗೆ ನೋಡ್ಕೊಳ್ಳಿ.

ನಡುಕ, ಜೊಲ್ಲು, ಬಾಗಿಲು ಕೆರೆದು ಉಗುರು ಕಿತ್ಕೊಳ್ಳೋ ಮಟ್ಟಕ್ಕೆ ಭಯ ಇದ್ರೆ ಇದ್ಯಾವುದೂ ಸಾಕಾಗಲ್ಲ, ಹಬ್ಬಕ್ಕೆ ಹದಿನೈದು ದಿನ ಮೊದಲೇ ಪಶು ಡಾಕ್ಟ್ರನ್ನ ಕೇಳಿ. ಗ್ಯಾಬಪೆಂಟಿನ್, ಟ್ರಾಜೊಡೋನ್ ಥರದ ಔಷಧಿ ನಾಯಿ ತೂಕ ನೋಡಿ ಬರೀತಾರೆ, ಸದ್ದು ಶುರುವಾಗೋದಕ್ಕೂ ಮುಂಚೆ ಕೊಡ್ಬೇಕು, ಒಂದು ಸಾಧಾರಣ ದಿನ ಕೊಟ್ಟು ನೋಡಿರ್ಬೇಕು. ಮನೇಲಿರೋ ಮನುಷ್ಯರ ಮಾತ್ರೆ ಬೇಡ, ಪ್ಯಾರಾಸಿಟಮಾಲ್ ಕೂಡ ಬೇಡ.

ಇಷ್ಟಾದ್ರೂ ಯಾರಿಗಾದ್ರೂ ಹಲ್ಲು ತಾಗಿದ್ರೆ 15 ನಿಮಿಷ ಹರಿಯೋ ನೀರಲ್ಲಿ ಸೋಪು ಹಾಕಿ ತೊಳೆದು ಆಸ್ಪತ್ರೆಗೆ ಹೋಗಿ, ಅರಿಶಿನ ಸುಣ್ಣ ಹಚ್ಚಿ ಕೂರಬೇಡಿ. ನಾಯಿಯ ರೇಬೀಸ್ ಇಂಜೆಕ್ಷನ್ ಕಾರ್ಡು ಕೈಗೆ ಸಿಗೋ ಜಾಗದಲ್ಲಿ ಇಟ್ಟಿರಿ, ಡಾಕ್ಟ್ರು ಕೇಳ್ತಾರೆ. ನೆಂಟರು ಹೋದಮೇಲೆ ನಾಯಿ ಒಂದೆರಡು ದಿನ ಬರೀ ಮಲಗತ್ತೆ, ಸಣ್ಣ ಸದ್ದಿಗೂ ಬೆಚ್ಚತ್ತೆ, ಒಳಗಿನ ಗಾಬರಿ ಇಳಿಯೋಕೆ ಅಷ್ಟು ಟೈಮ್ ಬೇಕು. ಆ ದಿನಗಳಲ್ಲಿ ಸ್ನಾನ, ಪೇಟೆ ಸುತ್ತಾಟ, ಮತ್ತೊಂದು ಗುಂಪು ನೆಂಟರು ಯಾವುದೂ ಇಟ್ಕೋಬೇಡಿ, ಎರಡನೇ ದಿನನೂ ಊಟ ಮುಟ್ಟದಿದ್ರೆ ಮಾತ್ರ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ.