ಓದಿದವರು ಎರಡು ಪಾಲಾದರೆ ಮೊದಲು ಪುಟದ ನಂಬರ್ ಕೇಳಿ

ಹದಿಹರೆಯದವರಿಗೆಂದು ಬರೆದ ಪತ್ತೇದಾರಿ ಕಾದಂಬರಿ, ಅದರಲ್ಲೂ ಕಥೆಯ ಹೊಟ್ಟೆಯಲ್ಲಿ ಇನ್ನೊಂದು ಕಥೆ ಇರುವಂಥದ್ದು, ಎಂಟು ಜನ ಓದಿದರೆ ಎರಡು ಪಾಲಾಗುವುದು ಗ್ಯಾರಂಟಿ. ನಾಲ್ಕು ಜನ "ಇಂಥದ್ದು ಇಷ್ಟರವರೆಗೆ ಓದಿಯೇ ಇಲ್ಲ" ಅನ್ನುತ್ತಾರೆ. ಉಳಿದ ನಾಲ್ಕು ಜನ "ಇದೆಂತ ಮಾರಾಯ, ಸುಮ್ನೆ ಟೈಮ್ ವೇಸ್ಟ್" ಅನ್ನುತ್ತಾರೆ. ಆ ಜಗಳವನ್ನು ಹಾಳಾಗದ ಹಾಗೆ ನಡೆಸುವುದು ಹೇಗೆ ಅಂತ ಇಲ್ಲಿ ಬರೆಯುತ್ತೇನೆ. ನಿಲ್ಲಿಸುವುದು ಹೇಗೆ ಅಂತ ಕೇಳಬೇಡಿ, ನಿಲ್ಲಿಸಬಾರದು.

ಉಡುಪಿಯ ಅಂಬಲಪಾಡಿ ಕಡೆ ನಮ್ಮ ಮನೆ. ತಿಂಗಳಿಗೊಂದು ಭಾನುವಾರ ಚಾವಡಿಯಲ್ಲಿ ಎಂಟು ಜನ ಕೂರುತ್ತೇವೆ. ಐದು ಜನ ಮಕ್ಕಳು, ಒಂಬತ್ತನೇ ಕ್ಲಾಸಿನಿಂದ ಡಿಗ್ರಿ ಮೊದಲ ವರ್ಷದವರೆಗೆ. ಮೂರು ಜನ ದೊಡ್ಡವರು. ಶುರು ಮಾಡಿದ ವರ್ಷ ಇಂಥದ್ದೇ ಒಂದು ಪುಸ್ತಕದ ದೆಸೆಯಿಂದ ಇಬ್ಬರು ಗೆಳತಿಯರು ಒಂದೇ ಬಸ್ಸಿನಲ್ಲಿ ಹೋಗಿಬರುತ್ತಲೇ ಒಂದು ತಿಂಗಳು ಮಾತು ಬಿಟ್ಟಿದ್ದರು. ಒಬ್ಬಳು ಅತ್ತುಕೊಂಡು ಓದಿದ ಪುಸ್ತಕವನ್ನು ಇನ್ನೊಬ್ಬಳು ಬೋರು ಅಂದಿದ್ದಳು, ಅಷ್ಟೇ. ಆಮೇಲೆ ಯೋಚಿಸಿದಾಗ ಗೊತ್ತಾಯಿತು, ಅವರಿಬ್ಬರೂ ಒಂದೇ ಪುಸ್ತಕ ಓದಿರಲೇ ಇಲ್ಲ. ಒಬ್ಬಳು ಗೆಳೆತನದ ಕಥೆ ಓದಿದ್ದಳು, ಇನ್ನೊಬ್ಬಳು ಕೊಲೆಗಾರನನ್ನು ಹುಡುಕುತ್ತಿದ್ದಳು. ಎರಡೂ ಒಂದೇ ರಟ್ಟಿನೊಳಗೆ ಇದ್ದವು. ದಾರಿ ಬೇರೆಯಾದದ್ದು ನಡುವಿನ ಯಾವುದೋ ಒಂದು ಪುಟದಲ್ಲಿ, ಆ ಪುಟ ಯಾವುದು ಅಂತ ನಾನು ಕೇಳಿರಲಿಲ್ಲ.

ಈ ಸಲ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಮಳೆಗಾಲದಲ್ಲಿ, ಓದಿದ ಪುಸ್ತಕದ ಹೆಸರು ಹೇಳುವುದಿಲ್ಲ. ಹೆಸರು ಹೇಳಿ "ಕೊನೆಯಲ್ಲಿ ಎಲ್ಲ ತಲೆಕೆಳಗಾಗುತ್ತದೆ" ಅಂದರೂ ಸಾಕು, ಮುಂದೆ ಓದುವವರ ಖುಷಿ ಅರ್ಧ ಹೋಯಿತು. ಇಷ್ಟು ಮಾತ್ರ ಹೇಳುತ್ತೇನೆ. ಹದಿನೇಳರ ಹುಡುಗಿಯೊಬ್ಬಳು ಕಾಣೆಯಾದ ಗೆಳತಿಯನ್ನು ಹುಡುಕುತ್ತಾಳೆ. ನಡುನಡುವೆ ಆ ಗೆಳತಿಯ ನೋಟ್ ಪುಸ್ತಕದ ಹಾಳೆಗಳು ಬರುತ್ತವೆ. ಆ ಹಾಳೆಗಳಲ್ಲಿ ಗೆಳತಿಯೇ ಬರೆದ ಒಂದು ಕಥೆ ಉಂಟು. ಹಲಸಿನ ಹಣ್ಣಿನ ಹಾಗೆ, ಬಿಡಿಸಿದಷ್ಟೂ ಒಳಗೆ.

ಪುಸ್ತಕ ಕೊಡುವಾಗಲೇ ಕೆಲಸ ಶುರು. ದಿನದ ಕ್ಯಾಲೆಂಡರಿನಿಂದ ಹರಿದ ಹಾಳೆಗಳನ್ನು ನಾಲ್ಕು ತುಂಡು ಮಾಡಿ, ಒಂದು ಹತ್ತು ಚೀಟಿ ಪುಸ್ತಕದೊಳಗೆ ಇಟ್ಟು ಕೊಡಿ. ಓದುವಾಗ ಮೂರು ಥರದ ಜಾಗದಲ್ಲಿ ಮಾತ್ರ ಚೀಟಿ ಇಡಬೇಕು: ಅನುಮಾನ ಹುಟ್ಟಿದಲ್ಲಿ, ಬೇಜಾರು ಬಂದಲ್ಲಿ, ಮೋಸ ಹೋದೆ ಅನ್ನಿಸಿದಲ್ಲಿ. ಚೀಟಿಯ ಮೇಲೆ ತಾರೀಕು, ಪುಟದ ನಂಬರ್, ಬೇಕಾದರೆ ಒಂದು ಸಾಲು. ಮೊಬೈಲಿನಲ್ಲಿ ಓದುವವರಿಗೆ ಪುಟದ ನಂಬರ್ ಬೇರೆ ಬರುತ್ತದೆ, ಅವರು ಅಧ್ಯಾಯದ ನಂಬರ್ ಬರೆಯಲಿ.

ಇದು ಯಾಕೆ ಬೇಕು ಅಂದರೆ, ಕೊನೆ ಗೊತ್ತಾದ ಮೇಲೆ ನಮ್ಮ ನೆನಪು ಬದಲಾಗುತ್ತದೆ. ಗುಟ್ಟು ತಿಳಿದ ಮರುಕ್ಷಣ "ನಂಗೆ ಮೊದಲೇ ಗೊತ್ತಿತ್ತು" ಅಂತ ಎಲ್ಲರಿಗೂ ಅನ್ನಿಸುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ, ನಿಜವಾಗಿಯೂ ಹಾಗೆ ಅನ್ನಿಸುತ್ತದೆ. ಆದರೆ ಚೀಟಿ ಇರುವುದು 212ನೇ ಪುಟದಲ್ಲಿ, ಅಲ್ವಾ? ಆ ಚೀಟಿಯೇ ಸಾಕ್ಷಿ.

ಕಡಿಮೆ ಅಂದರೂ ಮೂರು ವಾರ ಟೈಮ್ ಕೊಡಿ. ಎಂಟು ಜನರಿಗೆ ಎಂಟು ಪ್ರತಿ ಕೊಳ್ಳಬೇಕಾಗಿಲ್ಲ, ಮೂರು ಪ್ರತಿ ಇದ್ದರೆ ಕೈಯಿಂದ ಕೈಗೆ ಹೋಗುತ್ತದೆ, ಆಗ ಇನ್ನೆರಡು ವಾರ ಜಾಸ್ತಿ ಹಿಡಿಯುತ್ತದೆ. ಇನ್ನೊಬ್ಬರಿಗೆ ದಾಟಿಸುವಾಗ ನಿಮ್ಮ ಚೀಟಿಗಳನ್ನು ತೆಗೆದು ಒಂದು ಕವರಿನಲ್ಲಿ ಹಾಕಿಡಿ, ಇಲ್ಲದಿದ್ದರೆ ಚೀಟಿಯೇ ಗುಟ್ಟು ಬಿಟ್ಟುಕೊಡುತ್ತದೆ. ನಮ್ಮ ಕಡೆ ಜುಲೈಯಲ್ಲಿ ಮಳೆ ಜೋರಾಗಿ ಡಿಸಿ ರಜೆ ಕೊಡುವ ದಿನಗಳು ಇದ್ದೇ ಇರುತ್ತವೆ. ನಮ್ಮಲ್ಲಿ ಮೂವರು ಪುಸ್ತಕ ಮುಗಿಸಿದ್ದು ಅಂಥ ರಜೆಯಲ್ಲೇ, ಒಂದೇ ಪಟ್ಟಿಗೆ ಕೂತು. ಹೀಗೆ ಒಂದೇ ಸಲಕ್ಕೆ ಓದಿದವರಿಗೂ ದಿನಕ್ಕೆ ಎಂಟು ಪುಟ ಓದಿದವರಿಗೂ ಪುಸ್ತಕ ಬೇರೆ ಬೇರೆಯಾಗಿ ಕಾಣುತ್ತದೆ, ಇದನ್ನು ಮೊದಲೇ ಕೇಳಿಟ್ಟುಕೊಳ್ಳಿ. ಬೇಜಾರಿನ ದೂರು ಹೆಚ್ಚಾಗಿ ಬರುವುದು ನಿಧಾನ ಓದಿದವರಿಂದ. ಆದರೆ ಸುಳಿವು ಸಿಕ್ಕಿದ್ದೂ ಅವರಿಗೇ.

ಒಂದು ಉದಾಹರಣೆ ಹೇಳಲೇಬೇಕು. ನಮ್ಮ ಮಕ್ಕಳು ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಾಡುವವರು, ಶಾಲೆಯಲ್ಲಿ ಇಂಗ್ಲಿಷ್, ನಮ್ಮ ಚಾವಡಿಯಲ್ಲಿ ಕನ್ನಡ. ಒಬ್ಬ ಹುಡುಗ ಮಾತ್ರ ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಈ ಕಾದಂಬರಿ ಇಂಗ್ಲಿಷಿನದ್ದು, ಪೂರಾ ವರ್ತಮಾನ ಕಾಲದಲ್ಲಿ ಇದೆ. ನಾನು ಹೋಗುತ್ತೇನೆ, ಅಮ್ಮ ಕರೆಯುತ್ತಾಳೆ, ಹೀಗೆ. ಎರಡನೇ ಅಧ್ಯಾಯದಲ್ಲಿ ಒಂದೇ ಒಂದು ವಾಕ್ಯ, ಗೆಳತಿಗೆ ಮಳೆ ಇಷ್ಟ ಅನ್ನುವ ಮಾತು, ಭೂತಕಾಲದಲ್ಲಿ ಇದೆ. ಇಷ್ಟ ಅಂತ ಇಲ್ಲ, ಇಷ್ಟ ಇತ್ತು ಅಂತ ಇದೆ. ಇಂಗ್ಲಿಷ್ ಸರಾಗವಾಗಿ ಓದುವವರೆಲ್ಲ ಅದರ ಮೇಲೆ ಜಾರಿಕೊಂಡು ಹೋದರು. ಈ ಹುಡುಗ ಒಂದೊಂದೇ ವಾಕ್ಯವನ್ನು ಮನಸ್ಸಿನಲ್ಲಿ ಕನ್ನಡಕ್ಕೆ ತರುತ್ತಾ ಓದುವವನು, ಅಲ್ಲಿ ನಿಂತ. ಅವನ ಚೀಟಿಯಲ್ಲಿ "ಪ್ರಿಂಟ್ ತಪ್ಪಾ?" ಅಂತ ಬರೆದಿತ್ತು, ಅಷ್ಟೇ. ಗೆಳತಿ ಬದುಕಿಲ್ಲ ಅನ್ನುವುದು ಕಥೆ ಹೇಳುವ ಹುಡುಗಿಗೆ ಮೊದಲಿನಿಂದಲೇ ಗೊತ್ತಿತ್ತು ಅಂತ ಉಳಿದವರಿಗೆ ತಿಳಿಯಲು ಇನ್ನೂರೈವತ್ತು ಪುಟ ಬೇಕಾಯಿತು.

ಕೂರುವ ದಿನ ಮೊದಲು ಒಂದು ವಿಷಯ ವಿಚಾರಿಸಿ: ಯಾರು ಮುಗಿಸಿಲ್ಲ? ಮುಗಿಸದವರನ್ನು ಬೈಯಬೇಡಿ, ಅವರ ಜೊತೆ ಮೊದಲ ಅರ್ಧ ಗಂಟೆ ಅವರು ಓದಿದಷ್ಟರ ಬಗ್ಗೆ ಮಾತ್ರ ಮಾತಾಡಿ. "ಈಗ ನಿನ್ನ ಅನುಮಾನ ಯಾರ ಮೇಲೆ?" ಅಂತ ಕೇಳಿ. ಕೊನೆ ಗೊತ್ತಿಲ್ಲದವರ ಮಾತು ತುಂಬ ಬೆಲೆಯುಳ್ಳದ್ದು, ಯಾಕೆಂದರೆ ಲೇಖಕರು ಯಾರಿಗಾಗಿ ಆ ಪುಟಗಳನ್ನು ಬರೆದರೋ ಆ ಓದುಗ ಅವರೇ. ಆಮೇಲೆ ಅವರು ಒಂದು ತಟ್ಟೆ ಗೋಳಿಬಜೆ ಹಿಡಿದುಕೊಂಡು ಅಡುಗೆಮನೆ ಕಡೆ ಹೋಗಲಿ.

ನಂತರ ಇಷ್ಟವಾಗದವರು ಮೊದಲು ಮಾತಾಡಬೇಕು. ಇದೊಂದು ನಿಯಮ ತಪ್ಪಿಸಬೇಡಿ. ಹೊಗಳಿಕೆ ಮೊದಲು ಬಂದುಬಿಟ್ಟರೆ ಇಷ್ಟವಾಗದವರು "ನಂಗೆ ಅರ್ಥ ಆಗಲಿಲ್ಲವೋ ಏನೋ" ಅಂತ ಹಿಂದೆ ಸರಿಯುತ್ತಾರೆ, ಇಲ್ಲವೇ ಹಟಕ್ಕೆ ಬೀಳುತ್ತಾರೆ. ದೂರು ಏನೇ ಬರಲಿ, ಪುಟ ಕೇಳಿ. "ಎಳೆದಿದ್ದಾರೆ" ಅಂದರೆ ಎಲ್ಲಿಂದ ಎಲ್ಲಿಯವರೆಗೆ? ನಮ್ಮಲ್ಲಿ ನಾಲ್ಕು ಜನ ಎಳೆದಿದ್ದಾರೆ ಅಂದವರ ಚೀಟಿ ತೆಗೆದು ನೋಡಿದರೆ ನಾಲ್ಕೂ 120ರಿಂದ 160ರ ನಡುವೆ ಇದ್ದವು, ನೋಟ್ ಪುಸ್ತಕದ ಕಥೆ ಉದ್ದಕ್ಕೆ ಬರುವ ಜಾಗ. ಅಂದರೆ ಬೇಜಾರು ಪುಸ್ತಕದ ಮೇಲಲ್ಲ, ಒಳಗಿನ ಕಥೆಯ ಮೇಲೆ. ಇಷ್ಟಪಟ್ಟವರು ಅದೇ ನಲವತ್ತು ಪುಟವನ್ನು ಎರಡು ಸಲ ಓದಿದ್ದರು. ಈಗ ಮಾತಾಡಲು ಒಂದು ಜಾಗ ಸಿಕ್ಕಿತು.

ಕಥೆ ಹೇಳುವ ಹುಡುಗಿಯ ಬಗ್ಗೆ "ಅವಳು ಇಷ್ಟ ಆಗಲಿಲ್ಲ" ಅನ್ನುವುದು ಇನ್ನೊಂದು ದೂರು. ಇಲ್ಲಿ ಬಿಡಿಸಿ ಕೇಳಬೇಕು. ಅವಳು ಕೆಟ್ಟದಾಗಿ ನಡೆದುಕೊಂಡಳಾ, ಅಥವಾ ಅವಳನ್ನು ಕೆಟ್ಟದಾಗಿ ಬರೆದಿದ್ದಾರಾ? ಒಂಬತ್ತನೇ ಕ್ಲಾಸಿನವಳು ಇದಕ್ಕೆ ಎಷ್ಟು ಒಳ್ಳೆಯ ಉತ್ತರ ಕೊಟ್ಟಳೆಂದರೆ, "ಅವಳು ಸ್ವಾರ್ಥಿ, ಅದು ಸರಿ ಉಂಟು ಆಂಟಿ, ನಮ್ಮ ಕ್ಲಾಸಲ್ಲೂ ಹಾಗೇ ಇದ್ದಾರೆ, ಆದ್ರೆ ಅವಳು ಮಾತಾಡುವುದು ಮೂವತ್ತು ವರ್ಷದವರ ಹಾಗೆ" ಅಂದಳು. ಪುಸ್ತಕ ಇಷ್ಟಪಟ್ಟವರೂ ಅದನ್ನು ಒಪ್ಪಿದರು.

ಕಷ್ಟದ ದೂರು ಅಂದರೆ "ಮೋಸ". ಇದಕ್ಕೆ ನೂರು ವರ್ಷದ ಇತಿಹಾಸವೇ ಇದೆ. ಇಂಗ್ಲಿಷ್ ಪತ್ತೇದಾರಿ ಲೇಖಕಿ ಆಗಾಥಾ ಕ್ರಿಸ್ಟಿ 1926ರಲ್ಲಿ ಬರೆದ ಒಂದು ಕಾದಂಬರಿಯ ಕೊನೆ ಓದಿ ಕೆಲವರು ಇದು ನ್ಯಾಯವಲ್ಲ ಅಂದರು, ಇನ್ನು ಕೆಲವರು ಎಲ್ಲರನ್ನೂ ಅನುಮಾನಿಸುವುದು ಓದುಗರ ಕೆಲಸ ಅಂದರು. ಅದೇ ಪುಸ್ತಕವನ್ನು 2013ರಲ್ಲಿ ಬ್ರಿಟನ್ನಿನ ಕ್ರೈಂ ರೈಟರ್ಸ್ ಅಸೋಸಿಯೇಷನ್ ಸಾರ್ವಕಾಲಿಕ ಶ್ರೇಷ್ಠ ಪತ್ತೇದಾರಿ ಕಾದಂಬರಿ ಅಂತ ಆರಿಸಿತು. ಪಾದ್ರಿಯೂ ಪತ್ತೇದಾರಿ ಲೇಖಕರೂ ಆಗಿದ್ದ ರೊನಾಲ್ಡ್ ನಾಕ್ಸ್ 1929ರಲ್ಲಿ ಹತ್ತು ನಿಯಮ ಮಾಡಿಟ್ಟರು. ಅದರಲ್ಲೊಂದು, ಪತ್ತೇದಾರನಿಗೆ ಸಿಕ್ಕಿದ ಸುಳಿವನ್ನು ಓದುಗರಿಗೂ ಆಗಲೇ ತೋರಿಸಬೇಕು. ಇದನ್ನೇ ನಾನು ಅಳತೆಗೋಲು ಮಾಡಿಕೊಂಡಿದ್ದೇನೆ. ಮೋಸ ಅಂದವರ ಕೈಗೆ ಪುಸ್ತಕ ಕೊಟ್ಟು, ಗುಟ್ಟು ಗೊತ್ತಿದ್ದುಕೊಂಡು ಮೊದಲ ಐವತ್ತು ಪುಟ ಮತ್ತೆ ತಿರುವಿ ಹಾಕಲು ಹೇಳಿ. ಸುಳ್ಳು ಹೇಳಿದ ವಾಕ್ಯ ಸಿಕ್ಕಿದರೆ ಮೋಸ. ಹೇಳದೆ ಬಿಟ್ಟದ್ದು ಮಾತ್ರ ಸಿಕ್ಕಿದರೆ ಅದು ಮುಚ್ಚಿಡುವುದು. ಇವೆರಡರ ನಡುವಿನ ಗೆರೆ ಎಲ್ಲಿ ಅಂತ ವಾದ ಮಾಡುವುದೇ ಇಂಥ ಪುಸ್ತಕ ಓದುವುದರ ಅರ್ಧ ಸುಖ.

ದೊಡ್ಡವರ ವಿಷಯ ಬೇರೆ. ನಮ್ಮ ದೊಡ್ಡಪ್ಪ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ತಂದು ಓದಿ ಬೆಳೆದವರು. ಅವರಿಗೆ ಕೊನೆಯ ಪುಟದಲ್ಲಿ ಅಪರಾಧಿ ಕೈಗೆ ಸಿಗಬೇಕು. ಇಲ್ಲಿ ಸಿಕ್ಕಿದ್ದು ದುಃಖ. "ಕೇಸು ಮುಗಿಯಲೇ ಇಲ್ಲ" ಅಂತ ಅವರಿಗೆ ಸಿಟ್ಟು. ಅದು ಹಳೆಯ ಕಾಲದ ರುಚಿ ಅಂತ ತಳ್ಳಿಹಾಕಬೇಡಿ. ತಾವು ಏನನ್ನು ಕಾಯುತ್ತಾ ಓದಿದೆವು ಅಂತ ಮಕ್ಕಳಿಗೆ ವಿವರಿಸಲು ಇಂಥ ದೊಡ್ಡವರಿಗೇ ಹೇಳಿ, ಹತ್ತು ನಿಮಿಷ ಸಾಕು.

ಮಾತು ಬಿಸಿಯೇರಿದರೆ ನಮ್ಮ ಕರಾವಳಿಯದ್ದೇ ಒಂದು ಉಪಾಯ ಇದೆ, ತಾಳಮದ್ದಲೆಯಿಂದ ಎತ್ತಿಕೊಂಡದ್ದು. ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ ಅದು. ವಾಲಿವಧೆಯ ಕೊನೆ ಇಲ್ಲಿ ಯಾರಿಗೆ ಗೊತ್ತಿಲ್ಲ? ಆದರೂ ರಾಮ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಸರಿಯಾ ಅಂತ ವಾಲಿಯ ಅರ್ಥ ಹೇಳುವವರು, ಅಂದರೆ ವಾಲಿಯಾಗಿ ಮಾತಾಡುವವರು, ಕೇಳುತ್ತಾ ಹೋದ ಹಾಗೆ ಸಭೆ ಅವರ ಕಡೆ ವಾಲುತ್ತದೆ, ರಾಮನ ಅರ್ಥಧಾರಿ ಬಾಯಿ ತೆರೆದ ಮೇಲೆ ತಿರುಗಿ ಬರುತ್ತದೆ. ಮನೆಗೆ ಹೋಗುವ ದಾರಿಯಲ್ಲಿ ಜನ ಪ್ರಸಂಗ ಚೆನ್ನಾಗಿಲ್ಲ ಅನ್ನುವುದಿಲ್ಲ, "ಆ ಪ್ರಶ್ನೆಗೆ ರಾಮ ಕೊಟ್ಟ ಉತ್ತರ ಸಾಲದು" ಅನ್ನುತ್ತಾರೆ. ಹಾಗೆಯೇ ಮಾಡಿ. ಒಂದು ಕುರ್ಚಿ ಹಾಕಿ. ಕಥೆ ಹೇಳುವ ಹುಡುಗಿಯ ಅರ್ಥವನ್ನು ಅವಳನ್ನು ಯಾರು ಸುಳ್ಳುಗಾರ್ತಿ ಅಂದರೋ ಅವರೇ ಹೇಳಬೇಕು, ಐದು ನಿಮಿಷ. ಉಳಿದವರು ಪ್ರಶ್ನೆ ಕೇಳಲಿ. ನಮ್ಮಲ್ಲಿ ಪಿಯುಸಿ ಹುಡುಗಿಯೊಬ್ಬಳು, ಪುಸ್ತಕವನ್ನು ಎಲ್ಲರಿಗಿಂತ ಜಾಸ್ತಿ ಬೈದವಳು, ಆ ಕುರ್ಚಿಯಲ್ಲಿ ಕೂತು, "ನಾನು ನಿಮಗೆ ಸುಳ್ಳು ಹೇಳಲಿಲ್ಲ, ಮೊದಲು ನನಗೇ ಹೇಳಿಕೊಂಡೆ" ಅಂದಳು. ಯಾರೂ ಅವಳಿಗೆ ಅದನ್ನು ಹೇಳಿಕೊಟ್ಟಿರಲಿಲ್ಲ.

ಒಂದು ಎಚ್ಚರಿಕೆ. ಇಂಥ ಪುಸ್ತಕಗಳಲ್ಲಿ ಸಾವು, ಆತ್ಮಹತ್ಯೆ, ಮನೆಯೊಳಗಿನ ಹಿಂಸೆ ಬರುವುದು ಸಾಮಾನ್ಯ. ಕೊಡುವ ಮೊದಲು ನೀವು ಪೂರ್ತಿ ಓದಿರಬೇಕು, ಏನೇನಿದೆ ಅಂತ ಮಕ್ಕಳಿಗೂ ತಂದೆತಾಯಿಗೂ ಗುಟ್ಟು ಒಡೆಯದೆ ಹೇಳಿರಬೇಕು. ಯಾವುದಾದರೂ ಮಗು "ಈ ಪುಸ್ತಕ ನಂಗೆ ಬೇಡ" ಅಂತ ಕಾರಣ ಹೇಳದೆ ಕೂತರೆ ಅಲ್ಲಿ ಪುಟ ಕೇಳಬೇಡಿ, ವಾದ ಬೇಡವೇ ಬೇಡ. ಆಮೇಲೆ ಒಬ್ಬರೇ ಇರುವಾಗ ಮೆಲ್ಲಗೆ ಮಾತಾಡಿಸಿ. ಬೇಕಾದರೆ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ ಇದೆ, 14416, ದಿನದ ಯಾವ ಹೊತ್ತಿಗೂ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಇನ್ನು, "ಮಕ್ಕಳಿಗೆ ಇಂಥದ್ದೆಲ್ಲ ಯಾಕೆ?" ಅನ್ನುವ ಅಮ್ಮಂದಿರು ಬಂದರೆ ಅವರಿಗೂ ಚೀಟಿ ಕೊಡಿ, ಓದಲಿ. ಒಬ್ಬರು ಓದಿ ಬಂದು ಎರಡು ಪುಟ ತೋರಿಸಿದರು, ನಾನೂ ಒಪ್ಪಿದೆ, ಆ ಎರಡು ಪುಟ ಬೇಕಿರಲಿಲ್ಲ.

ಕೊನೆಯಲ್ಲಿ ಕೈ ಎತ್ತಿಸಿ ವೋಟು ಹಾಕಿಸಬೇಡಿ. ಬದಲಿಗೆ ಮೊದಲಿನ ಒಂದು ಅಧ್ಯಾಯ ಗಟ್ಟಿಯಾಗಿ ಓದಿಸಿ. ನಾವು ಎರಡನೆಯದನ್ನು ಓದಿಸಿದೆವು, ಮಳೆ ಹಂಚಿನ ಮೇಲೆ ಬೀಳುತ್ತಿದ್ದುದರಿಂದ ಸ್ವಲ್ಪ ಜೋರಾಗಿಯೇ ಓದಬೇಕಾಯಿತು. ಓದಿದ್ದು ಅದೇ ಪಿಯುಸಿ ಹುಡುಗಿ. ಇಷ್ಟ ಇತ್ತು ಅನ್ನುವ ವಾಕ್ಯ ಬಂದಾಗ ಅವಳ ಸ್ವರ ನಿಂತಿತು. ಪಕ್ಕದಲ್ಲಿ ಕೂತಿದ್ದ ಕನ್ನಡ ಮೀಡಿಯಂ ಹುಡುಗನ ಕಡೆ ತಿರುಗಿ "ನೀನು ನಿಂತದ್ದು ಇಲ್ಲೇ ಅಲ್ವಾ?" ಅಂದಳು. ಅವನು ತಲೆ ಆಡಿಸಿದ. "ಆದರೂ ಮೋಸವೇ, ಒಂದು ಅಕ್ಷರದಲ್ಲಿ ಬಚ್ಚಿಡುವುದೆಂತ" ಅಂದು ಅಧ್ಯಾಯ ಓದಿ ಮುಗಿಸಿದಳು. ಹೋಗುವಾಗ ಪುಸ್ತಕ ಇನ್ನೆರಡು ವಾರ ಇಟ್ಟುಕೊಳ್ಳುತ್ತೇನೆ ಅಂತ ಕೇಳಿದಳು. ನಾನು ಕವರಿಗೆ ಹಾಕಲೆಂದು ಚೀಟಿಗಳನ್ನು ತೆಗೆಯುತ್ತಿದ್ದೆ. "ಅವನದ್ದು ಒಂದು ಅಲ್ಲೇ ಇರಲಿ ಆಂಟಿ" ಅಂದಳು.