ಕೊನೆಯ ಪುಟ ಹರಿದ ಮೇಲೆ

ಸಾಗರದ ಹತ್ತಿರ, ನಮ್ಮ ಮನೆ ಜಗಲಿಯಲ್ಲೇ ಶಿಶುವಿಹಾರ ನಡೆಸುತ್ತೇನೆ. ಮೂರರಿಂದ ಆರು ವರ್ಷದ 14 ಮಕ್ಕಳು. ಚಿತ್ರಪುಸ್ತಕ ತೋರಿಸಿಯೇ ಅವರಿಗೆ ಒಳ್ಳೆ ನಡತೆ ಕಲಿಸುತ್ತೇನೆ. 'ಚಿತ್ರ ನೋಡಿ ಯಾವ ಮಗು ಬುದ್ಧಿ ಕಲಿಯುತ್ತೆ? ಎರಡು ಸಲ ಗದರಿದರೆ ಸಾಕು' ಅಂತ ಊರಿನವರು ಹೇಳಿದ್ದರು. ಈಗ ಅವರ ಮೊಮ್ಮಕ್ಕಳೇ ಚಪ್ಪಲಿ ಸಾಲಾಗಿ ಬಿಟ್ಟು ಜಗಲಿ ಹತ್ತುತ್ತಾರೆ.

ಮೊದಲ ವರ್ಷ ಪೂರ್ತಿ ಸೋತೆ. ಶಿವಮೊಗ್ಗದಿಂದ ಸುಮಾರು 1,800 ರೂಪಾಯಿಯ ಪುಸ್ತಕ ತಂದಿದ್ದೆ. ಎಲ್ಲದರ ಕೊನೆಗೂ ಒಂದು ನೀತಿ ಪುಟ. ಅದು ಬಂತು ಅಂದರೆ ಮಕ್ಕಳು ಎದ್ದು ಓಡುತ್ತಿದ್ದರು. ಒಂದರಲ್ಲಿ ತುಂಟ ಹುಡುಗ ಎಲ್ಲರನ್ನೂ ತಳ್ಳುತ್ತಾನೆ. ಅವನ ಚಿತ್ರ ಪುಟದ ತುಂಬಾ, ಒಳ್ಳೆ ಹುಡುಗಿ ಮೂಲೆಯಲ್ಲಿ ಬೆರಳಿನಷ್ಟು. ಮಧ್ಯಾಹ್ನದ ಹೊತ್ತಿಗೆ ನಮ್ಮಲ್ಲೂ ಮೂವರು ತಳ್ಳಾಟ ಶುರು ಮಾಡಿದರು! ಮಗುವಿನ ಕಣ್ಣು ದೊಡ್ಡ ಚಿತ್ರಕ್ಕೇ ಹೋಗುತ್ತೆ ಅಲ್ವಾ. ಕೊನೆಯ ನೀತಿಯಿಂದ ಏನೂ ಆಗಲ್ಲ ಅನ್ನಿಸಿ, ಅವತ್ತೇ ನೀತಿ ಪುಟಗಳನ್ನೆಲ್ಲ ಹರಿದು ತೆಗೆದೆ.

ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನೋ ಜಾಲತಾಣದಲ್ಲಿ ಕನ್ನಡ ಚಿತ್ರಕಥೆಗಳು ಪುಕ್ಕಟೆ ಸಿಗುತ್ತವೆ, ಪ್ರಿಂಟ್ ಹಾಕಿಸಿಕೊಳ್ಳಲೂ ಅಡ್ಡಿಯಿಲ್ಲ. ಬಣ್ಣದ ಪುಟಕ್ಕೆ 10 ರೂಪಾಯಿ ಆಯಿತು. ಆಷಾಢದ ಮಳೆಗೆ ಅಷ್ಟೂ ಬೂಸ್ಟು ಹಿಡಿದು ಹಾಳಾಯಿತು. ಮತ್ತೆ ಹಾಕಿಸಿ, ಲ್ಯಾಮಿನೇಷನ್ ಮಾಡಿಸುವಷ್ಟರಲ್ಲಿ ನಾಲ್ಕು ಸಾವಿರ ಹೋಗಿರಬೇಕು.

ನಡುವೆ ಅಡಿಕೆ ಹಾಳೆ ಕತ್ತರಿಸಿ, ಅದರ ಮೇಲೆ ಇದ್ದಿಲಲ್ಲಿ ಚಿತ್ರ ಬರೆದೆ. ಒಣಗಿದ ಮೇಲೆ ಸುರುಳಿ ಸುತ್ತಿಕೊಂಡಿತು. ಆದರೆ ನಮ್ಮದೇ ಅಂಗಳ, ಹಂಡೆ, ಕಂಬಳಿಕೊಪ್ಪೆ ಕಂಡು ಮಕ್ಕಳು ಅದನ್ನು ಬಿಡಲೇ ಇಲ್ಲ. ಅಲ್ಲಿಂದ ದಪ್ಪ ರಟ್ಟಿನ ಮೇಲೆ ನಾನೇ ಬರೆಯತೊಡಗಿದೆ. ಒಂದು ಪುಸ್ತಕಕ್ಕೆ ಆರೇ ಪುಟ, ಅಕ್ಷರ ಇಲ್ಲ. ಒಂದೇ ಪುಸ್ತಕ ಎಂಟು ಹತ್ತು ದಿನ ನಡೆಯುತ್ತೆ.

ನೆಂಟರು ಬರುವ ಪುಸ್ತಕ ನನಗೆ ತುಂಬಾ ಇಷ್ಟ. ನೆಂಟರು ದಣಪೆ ದಾಟಿ ಅಂಗಳಕ್ಕೆ ಬರುವ ಪುಟದಲ್ಲಿ ನಾನು ಸುಮ್ನೆ ನಿಲ್ಲಿಸುತ್ತೇನೆ. ಏನೂ ಹೇಳಿಕೊಡುವುದಿಲ್ಲ. ಕಾಯುವುದು ಕಷ್ಟ, ಆದರೂ ಬಾಯಿ ಬಿಡಬಾರದು. ಯಾವುದಾದರೂ ಮಗು 'ಬನ್ನಿ' ಅನ್ನುತ್ತೆ, ಇನ್ನೊಂದು ನೀರು ತರಲು ಏಳುತ್ತೆ. ಮೂರನೇ ದಿನ ನಾನೇ ನೆಂಟಳಾಗಿ ಅಂಗಳದಿಂದ ಬರುತ್ತೇನೆ. ಪುಸ್ತಕ ಮುಚ್ಚುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ, ಅದು ಮಾತ್ರ ನನ್ನ ಹತ್ತಿರವೇ ಇರಲಿ.

ಹೋದ ತಿಂಗಳು ಗ್ಯಾಸ್ ಸಿಲಿಂಡರ್ ತಂದವರು ಜಗಲಿ ಮೇಲೆ ಬೆವರು ಒರೆಸಿಕೊಳ್ಳುತ್ತಿದ್ದರು. ನಾಲ್ಕು ವರ್ಷದ ಹುಡುಗ, ತರಗತಿಯಲ್ಲಿ ಬಾಯೇ ಬಿಡದವನು, ಅವರ ಮುಂದೆ ನಿಂತು 'ಆಸರಿಗೆ ಬೇಕಾ?' ಅಂದ. ಉತ್ತರಕ್ಕೂ ಕಾಯದೆ ಒಳಗೆ ಓಡಿ, ಎರಡೂ ಕೈಯಲ್ಲಿ ಲೋಟ ಹಿಡಿದು ತಂದ. ಅರ್ಧ ನೀರು ದಾರಿಯಲ್ಲೇ ಚೆಲ್ಲಿತ್ತು.