ಪೆನ್ಸಿಲ್‌ನಲ್ಲಿ ಬರೆದು ಅಳಿಸಿದ ಸಾಲು

ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥನಾದ ಮೊದಲ ವಾರವೇ ಒಂದು ಗೊತ್ತಾಯಿತು: ನಾನು ಸ್ಟಾಫ್ ರೂಮಿಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಹಿಂದಿನ ತಿಂಗಳವರೆಗೂ ಅದೇ ಹರಟೆಯಲ್ಲಿ ನಾನೂ ಕೂತವನೇ.

ಓದಿಕೊಂಡವರ ಚಟ, ಮೊದಲು ಪುಸ್ತಕ ಹುಡುಕಿದೆ. ಹಾಲ್ಪಿನ್ ಮತ್ತು ಕ್ರಾಫ್ಟ್ ಎಂಬ ಅಮೆರಿಕದ ಇಬ್ಬರು ಸಂಶೋಧಕರು 1960ರ ದಶಕದಲ್ಲಿ ಶಾಲೆಗಳ ಒಳಗಿನ ವಾತಾವರಣ ಅಳೆಯಲು 64 ಹೇಳಿಕೆಗಳ ಪ್ರಶ್ನಾವಳಿ ಮಾಡಿದ್ದರು. ಅದನ್ನೇ ಕಾಲೇಜಿಗೆ ಹೊಂದಿಸಿ, ಹೆಸರು ಬರೆಯಬೇಡಿ ಎಂದು ಒಂಬತ್ತು ಜನರಿಗೆ ಹಂಚಿದೆ. ತುಂಬಿದ ಹಾಳೆಯನ್ನು ನನ್ನ ಕೈಗೇ ಕೊಡಬೇಕಿತ್ತು! ಎಲ್ಲರೂ ಸಾಲಾಗಿ ‘ಕೆಲವೊಮ್ಮೆ’ಗೆ ಟಿಕ್ ಹಾಕಿ ಕೊಟ್ಟರು. ತಪ್ಪು ನನ್ನದೇ.

ಆದರೂ ಆ ಪ್ರಶ್ನಾವಳಿಯ ಒಂದು ಅಂಶ ತಲೆಯಲ್ಲಿ ಉಳಿಯಿತು: ಮೇಲಿನವರು ಹೇರುವ ಕಾಗದಪತ್ರ, ಸಮಿತಿಗಳ ಕೆಲಸ ಪಾಠಕ್ಕೆ ಅಡ್ಡಿ ಎಂದು ಅಧ್ಯಾಪಕರಿಗೆ ಎಷ್ಟು ಅನ್ನಿಸುತ್ತದೆ ಎಂಬುದು. ಹಾಗಾಗಿ ಮುಂದಿನ ಸಲ ಬಾಯಿಮಾತಲ್ಲೇ ಕೇಳಿದೆ: “ಈ ವಾರ ನಿಮ್ಮ ಪಾಠದ ಸಮಯ ತಿಂದದ್ದು ಯಾವುದು?” ಇದಕ್ಕೆ ಉತ್ತರ ಥಟ್ಟನೆ ಬಂತು. ಅದೇ ಹಾಜರಾತಿಯನ್ನು ರಿಜಿಸ್ಟರ್, ಎಕ್ಸೆಲ್, ತಿಂಗಳ ವರದಿ ಎಂದು ಮೂರು ಕಡೆ ಬರೆಯುತ್ತಿದ್ದರು. ಎಕ್ಸೆಲ್ ಕೇಳುತ್ತಿದ್ದದ್ದು ನಮ್ಮ ವಿಭಾಗವೇ, ಅಂದೇ ನಿಲ್ಲಿಸಿದೆ. ಉಳಿದೆರಡು ನನ್ನ ಕೈಯಲ್ಲಿರಲಿಲ್ಲ.

ನಿಜವಾದ ಗಂಟು ಇದ್ದದ್ದು ಟೈಮ್‌ಟೇಬಲ್‌ನಲ್ಲಿ. ಅದುವರೆಗೆ ಮುಖ್ಯಸ್ಥರೊಬ್ಬರೇ ಬಾಗಿಲು ಹಾಕಿಕೊಂಡು ಮಾಡುತ್ತಿದ್ದರು. ಬೇಡದ ಪೀರಿಯಡ್‌ಗಳೆಲ್ಲ ಕಿರಿಯರ ಪಾಲು. ನಾನು ಕರಡನ್ನು ಗೋಡೆಗೆ ಅಂಟಿಸಿ, ಪಕ್ಕದಲ್ಲಿ ಪೆನ್ಸಿಲ್ ಕಟ್ಟಿ, ಮೂರು ದಿನ ಬಿಟ್ಟೆ. ಎರಡು ದಿನ ಯಾರೂ ಮುಟ್ಟಲಿಲ್ಲ. ಮೂರನೆಯ ಸಂಜೆ ಹತ್ತಿರ ಹೋಗಿ ನೋಡಿದರೆ, ಮೂಲೆಯಲ್ಲಿ ಯಾರೋ ಬರೆದು ಅಳಿಸಿದ ಗುರುತು. ಓರೆಯಾಗಿ ನೋಡಿದಾಗ ಅಕ್ಷರ ಕಂಡಿತು: ‘ದಿನಾ ಕೊನೇ ಪೀರಿಯಡ್ ನನಗೇ ಯಾಕೆ?’ ತಾತ್ಕಾಲಿಕ ಉಪನ್ಯಾಸಕಿಯೊಬ್ಬರ ಕಾಲಂ ಅದು. ಕೆಲಸ ಮುಂದಿನ ವರ್ಷ ಇರುತ್ತದೋ ಇಲ್ಲವೋ ಎಂಬ ಭಯದಲ್ಲಿರುವವರು ಪೆನ್ಸಿಲ್‌ನಲ್ಲಿ ಬರೆದದ್ದನ್ನೂ ಅಳಿಸುತ್ತಾರೆ.

ವಾರದ ಎರಡು ಕೊನೇ ಪೀರಿಯಡ್ ನಾನು ತೆಗೆದುಕೊಂಡೆ, ಉಳಿದವನ್ನು ಹಿರಿಯರಿಗೂ ಹಂಚಿದೆ. ಯಾರು ಬರೆದರು ಎಂದು ಕೇಳಲಿಲ್ಲ. ಹಿರಿಯ ಸಹೋದ್ಯೋಗಿಯೊಬ್ಬರು ತಿಂಗಳುಗಟ್ಟಲೆ ಮುಖ ಕೊಟ್ಟು ಮಾತಾಡಲಿಲ್ಲ. ಅವರ ಸಿಟ್ಟೂ ಸುಳ್ಳಲ್ಲ. ಇಪ್ಪತ್ತು ವರ್ಷ ಕಾದು ಪಡೆದ ಅನುಕೂಲವನ್ನು, ಒಂದು ಮಾತೂ ಕೇಳದೆ ನಾನು ಕಿತ್ತುಕೊಂಡಿದ್ದೆ. ಮೊದಲೇ ಅವರ ಹತ್ತಿರ ಕೂತು ಮಾತಾಡಬೇಕಿತ್ತು.

ಆ ಉಪನ್ಯಾಸಕಿಯ ಸಂಬಳ, ಕೆಲಸದ ಭದ್ರತೆ ಎರಡೂ ಇದ್ದಲ್ಲೇ ಇವೆ. ಟೈಮ್‌ಟೇಬಲ್ ಸರಿಯಾದ ಮಾತ್ರಕ್ಕೆ ಅದು ಮರೆತುಹೋಗುತ್ತದೆ ಎಂದು ನಾನಂತೂ ಹೇಳಲಾರೆ. ಈ ಸೆಮಿಸ್ಟರ್‌ನ ಕರಡಿನ ಮೇಲೆ ಏಳು ತಿದ್ದುಪಡಿ ಬಂದಿದ್ದವು. ಎರಡು ಪೆನ್ನಿನಲ್ಲಿದ್ದವು, ಅದರಲ್ಲೊಂದು ನನ್ನ ಪೀರಿಯಡ್ ಮೇಲೆಯೇ.